ಚೈನ್ ಸಾದಲ್ಲಿ ಹಲಗೆ ಸೀಳ್ತೀರಾ? ಕೈಕೊಡುವ ಮೊದಲು ಇಷ್ಟು ನೋಡಿಕೊಳ್ಳಿ

ದಿಮ್ಮಿಯನ್ನು ಅಡ್ಡ ಕೊಯ್ಯುವುದಕ್ಕಿಂತ ಉದ್ದಕ್ಕೆ ಸೀಳುವಾಗ ಎಂಜಿನ್‌ಗೆ ಲೋಡ್ ಜಾಸ್ತಿ. ಉದಾಸೀನ ಮಾಡಿದ್ರೆ ಪಿಸ್ಟನ್ನೇ ಸೀಜ್ ಆಗಬಹುದು.

ಒತ್ತಿದರಷ್ಟೇ ಕೊಯ್ಯುತ್ತಿದ್ದರೆ: ಚೈನ್ ಮೊಂಡಾಗಿದೆ. ದುಂಡು ಅರದಿಂದ ಎಲ್ಲಾ ಹಲ್ಲುಗಳನ್ನೂ ಸಮನಾಗಿ ಉಜ್ಜಿ. ಮಾಮೂಲಿ ಚೈನ್ ಹಲ್ಲಿನ ಕೋನ ಸುಮಾರು 30 ಡಿಗ್ರಿ, ಹಲಗೆ ಸೀಳುವ ಚೈನ್‌ಗೆ ಸುಮಾರು 10 ಡಿಗ್ರಿ.

ಒಂದೇ ಕಡೆಗೆ ಎಳೆದರೆ: ಒಂದು ಬದಿಯ ಹಲ್ಲು ಗಿಡ್ಡ ಆಗಿರಬಹುದು, ಇಲ್ಲವೇ ಬಾರ್ ಸವೆದಿರಬಹುದು. ಬಾರ್ ಆಗಾಗ ಮಗುಚಿ ಹಾಕಿ.

ಬಾರ್‌ನಲ್ಲಿ ಹೊಗೆ ಬಂದರೆ: ಚೈನ್ ಆಯಿಲ್ ಇದೆಯಾ ನೋಡಿ, ಸಂದಿಯಲ್ಲಿ ಸಿಕ್ಕಿಕೊಂಡ ಹೊಟ್ಟು ತೆಗೆಯಿರಿ.

ಲೋಡ್ ಬಿದ್ದಾಗ ಆಫ್ ಆದರೆ: ಮೊದಲು ಏರ್ ಫಿಲ್ಟರ್ ಕ್ಲೀನ್ ಮಾಡಿ.

ಬರೀ ಪೆಟ್ರೋಲ್ ಹಾಕಲೇಬೇಡಿ. ಮಷೀನ್ ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. 2ಟಿ ಆಯಿಲ್.

ಚೈನ್ ಮುಟ್ಟುವ ಮುನ್ನ ಎಂಜಿನ್ ಆಫ್ ಮಾಡಿ, ಪ್ಲಗ್ ವೈರ್ ಕಳಚಿ. ಮಷೀನ್ ರಿಪೇರಿ ಆಗುತ್ತೆ, ಬೆರಳು ಆಗಲ್ಲ.