ಬೇಸರವೆಲ್ಲ ಮತವಾಗದು
ದೊಡ್ಡ ಪಕ್ಷಗಳ ಮೇಲೆ ಮತದಾರರಿಗೆ ಬೇಸರ ಬಂದಾಗ ಹೊರಗಿನವರಿಗೆ ದಾರಿ ತೆರೆಯುತ್ತದೆಯೇ? ಶಿವಾಜಿನಗರ, ಹಲಸೂರು, ಇಂದಿರಾನಗರಗಳು ಸೇರಿರುವ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಅನುಭವ ಬೇರೆಯೇ ಹೇಳುತ್ತದೆ. 2014ರಲ್ಲಿ ಇನ್ಫೊಸಿಸ್‌ನ ಮಾಜಿ ಅಧಿಕಾರಿ ವಿ. ಬಾಲಕೃಷ್ಣನ್ ಆಮ್ ಆದ್ಮಿ ಪಕ್ಷದಿಂದ, 2019ರಲ್ಲಿ ನಟ ಪ್ರಕಾಶ್ ರಾಜ್ ಪಕ್ಷೇತರರಾಗಿ ಕಣಕ್ಕಿಳಿದರು. ಪತ್ರಿಕೆಗಳ ತುಂಬ ಅವರದೇ ಸುದ್ದಿ. ಆದರೆ ಇಬ್ಬರೂ ಮೂರನೆಯ ಸ್ಥಾನಕ್ಕೆ ಇಳಿದು ಠೇವಣಿ ಕಳೆದುಕೊಂಡರು. ಎರಡು ಬಾರಿಯೂ ಗೆದ್ದವರು ಬಿಜೆಪಿಯ ಪಿ.ಸಿ. ಮೋಹನ್.

ಹೆಚ್ಚು ಮತ ಪಡೆದವರೊಬ್ಬರೇ ಗೆಲ್ಲುವ ಪದ್ಧತಿಯಲ್ಲಿ ಸೋಲುವವರಿಗೆ ಮತ ಹಾಕಿ ವ್ಯರ್ಥ ಮಾಡಲು ಜನ ಹಿಂಜರಿಯುತ್ತಾರೆ. ಮತಗಟ್ಟೆಯವರೆಗೆ ಕಾರ್ಯಕರ್ತರಿರುವ ಪಕ್ಷವೇ ಆ ಹಿಂಜರಿಕೆಯನ್ನು ಕಳೆಯಬಲ್ಲದು. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಾಗ ಜನರ ಬೇಸರದ ಬೆನ್ನಿಗೆ ಜನತಾ ಪಕ್ಷ, ಕ್ರಾಂತಿರಂಗಗಳ ಸಂಘಟನೆ ಇತ್ತು. ಒಬ್ಬಂಟಿ ಅಭ್ಯರ್ಥಿಗೆ ಇಲ್ಲದ್ದು ಅದೇ.