ಆಸ್ಪತ್ರೆಯ ತಾರಸಿಗೆ ಬಂದ ಸೂರ್ಯ

ಆರೋಗ್ಯವನ್ನು ಸೂರ್ಯನಲ್ಲಿ ಬೇಡಬೇಕೆಂಬುದು ನಮ್ಮ ಹಿರಿಯರ ನಂಬಿಕೆ. ಬೆಳಗಿನ ಅರ್ಘ್ಯವೂ ಎಳೆಬಿಸಿಲೂ ಅವರ ಮನಸ್ಸಿನಲ್ಲಿದ್ದಿರಬೇಕು. ಇಂದು ಆ ನಂಬಿಕೆ ಇನ್ನೊಂದು ಅರ್ಥದಲ್ಲಿ ನಿಜವಾಗುತ್ತಿದೆ. ಹೆರಿಗೆ ಕೋಣೆಯ ದೀಪವೂ ಲಸಿಕೆಯ ಫ್ರಿಜ್ಜೂ ತಾರಸಿಯ ಮೇಲಿನ ಸೌರಫಲಕಗಳ ಬಲದಿಂದ ನಡೆಯುವ ಕಾಲ ಬಂದಿದೆ. ಒಂದು ದಿನವೂ ಬಾಗಿಲು ಹಾಕಲಾಗದ ಆಸ್ಪತ್ರೆಗಳಿಗೆ ಈ ಫಲಕಗಳು ಬಂದ ಬಗೆಯನ್ನು ಸ್ಥೂಲವಾಗಿ ಅವಲೋಕಿಸುವುದು ಈ ಬರಹದ ಉದ್ದೇಶ.

ಗಡಿನಾಡಿನವರಾದ ನಮಗೆ ಈ ವಿಷಯ ದೂರದ್ದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿಯೇ ತಡೆಯಲ್ಪಟ್ಟರು. ಪ್ರಕರಣ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೊಡ್ಡಾಸ್ಪತ್ರೆ ಎಷ್ಟು ದೊಡ್ಡದಿದ್ದರೂ ಆಪತ್ಕಾಲಕ್ಕೆ ಒದಗಬೇಕಾದುದು ಊರಿನ ಚಿಕ್ಕ ಆಸ್ಪತ್ರೆಯೇ ಎಂಬುದನ್ನು ನಾವು ಆಗ ಕಂಡುಕೊಂಡೆವು. ಆ ಚಿಕ್ಕ ಆಸ್ಪತ್ರೆಯಲ್ಲಿ ಕರೆಂಟೇ ಇಲ್ಲದಿದ್ದರೆ ವೈದ್ಯರಿದ್ದೂ ಫಲವೇನು?

ಸೌರಕೋಶದ ಚರಿತ್ರೆ ಆರಂಭವಾದುದು ಆಸ್ಪತ್ರೆಯಲ್ಲಲ್ಲ. 1954ರ ಏಪ್ರಿಲಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ಪ್ರದರ್ಶಿಸಿತು. ಬಿದ್ದ ಬಿಸಿಲಿನ ಶೇ. 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಬೆಲೆಯೂ ವಿಪರೀತವಾಗಿದ್ದುದರಿಂದ ಅದಕ್ಕೆ ಮೊದಲು ಒದಗಿದ ಕೆಲಸ ಬಾಹ್ಯಾಕಾಶದಲ್ಲಿ: 1958ರ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ. ಆರೋಗ್ಯಸೇವೆಗೆ ಅದು ಪ್ರವೇಶಿಸಿದ್ದು ಲಸಿಕೆಯ ದಾರಿಯಿಂದ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೆ ಕಾಪಾಡಬೇಕು. ವಿದ್ಯುತ್ ಮಾರ್ಗ ತಲುಪದ ಊರುಗಳಿಗಾಗಿ 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೌರ ಫ್ರಿಜ್‌ಗಳಿಗೆ ಉತ್ತೇಜನವಿತ್ತಿತು. ಫಲಕಗಳು ಬಾಳಿದವು, ಬ್ಯಾಟರಿಗಳು ಅವುಗಳಷ್ಟು ಬಾಳಲಿಲ್ಲ. ಹಗಲಿನ ಬಿಸಿಲಿನಿಂದ ಮಂಜುಗಡ್ಡೆ ಮಾಡಿಟ್ಟುಕೊಂಡು ರಾತ್ರಿ ತಂಪು ಕಾಯುವ, ಬ್ಯಾಟರಿಯ ಹಂಗಿಲ್ಲದ ಫ್ರಿಜ್‌ಗಳು ಮುಂದೆ ರೂಪುಗೊಂಡದ್ದು ಈ ಅನುಭವದಿಂದಲೇ.

ನಡೆಯುತ್ತಿರುವ ಆಸ್ಪತ್ರೆಯೊಂದರ ಸ್ಥಿತಿಯನ್ನೇ ಕಣ್ಣಾರೆ ಕಂಡು ಉಪಾಯ ಹೂಡಿದವರಲ್ಲಿ ಅಮೆರಿಕದ ಪ್ರಸೂತಿ ವೈದ್ಯೆ ಲಾರಾ ಸ್ಟೇಚೆಲ್ ಪ್ರಮುಖರು. ತಾಯಂದಿರ ಮರಣದ ಅಧ್ಯಯನಕ್ಕೆಂದು 2008ರಲ್ಲಿ ಅವರು ನೈಜೀರಿಯದ ಜಾರಿಯಾ ನಗರದ ಸರಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಟಾರ್ಚಿನ ಬೆಳಕಿನಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಅವರ ಪತಿ ಹಾಲ್ ಆರನ್‌ಸನ್ ಸೌರಶಕ್ತಿಯ ಶಿಕ್ಷಕರು. ಶಸ್ತ್ರಚಿಕಿತ್ಸಾ ಕೊಠಡಿಗೂ ಹೆರಿಗೆ ಕೋಣೆಗೂ ರಕ್ತ ಕಾಪಿಡುವ ಫ್ರಿಜ್ಜಿಗೂ ಸೌರವ್ಯವಸ್ಥೆಯನ್ನು ಇಬ್ಬರೂ ಕೂಡಿ ಯೋಜಿಸಿದರು. ಮಾದರಿ ತೋರಿಸಲು ಪೆಟ್ಟಿಗೆಯಲ್ಲಿ ಒಯ್ದಿದ್ದ ಪುಟ್ಟ ಸಲಕರಣೆಯನ್ನು ಅಲ್ಲಿನ ಸಿಬ್ಬಂದಿ ತಮಗೇ ಬೇಕೆಂದು ಉಳಿಸಿಕೊಂಡರು. ಮುಂದೆ ಅನೇಕ ದೇಶಗಳ ಹೆರಿಗೆ ಕೋಣೆಗಳಿಗೆ ಹೋದ ‘ಸೌರ ಸೂಟ್‌ಕೇಸ್’ ಹುಟ್ಟಿದ್ದು ಹೀಗೆ.

ನಮ್ಮ ನಾಡಿನ ಪಾತ್ರವೂ ಇಲ್ಲಿ ಸಣ್ಣದಲ್ಲ. ಹರೀಶ್ ಹಂದೆ ಅವರು 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾಗಿ, ಬಡವರ ಮನೆಗಳಿಗೆ ಸೌರದೀಪವನ್ನು ಸಾಲದ ಕಂತಿನಲ್ಲಿ ಒದಗಿಸುವ ಮಾರ್ಗವನ್ನು ತೋರಿಸಿಕೊಟ್ಟರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅದೇ ಬಳಗದ ಪ್ರತಿಷ್ಠಾನವು ಮುಂದೆ ಕರ್ನಾಟಕದಿಂದ ಮೇಘಾಲಯದವರೆಗಿನ ಆರೋಗ್ಯ ಕೇಂದ್ರಗಳ ತಾರಸಿಗಳಿಗೂ ಫಲಕಗಳನ್ನು ತಂದಿತು.

ಸರಕಾರವೊಂದು ಈ ಕೆಲಸವನ್ನು ವ್ಯಾಪಕವಾಗಿ ಕೈಗೊಂಡ ನಿದರ್ಶನ ಛತ್ತೀಸಗಢದಲ್ಲಿದೆ. 2012ರಿಂದ 2016ರ ನಡುವೆ ಅಲ್ಲಿನ ಇಂಧನ ಸಂಸ್ಥೆ ಕ್ರೆಡಾ 570 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಲಾ 2 ಕಿಲೋವಾಟ್‌ನ, ಬ್ಯಾಟರಿಸಹಿತವಾದ ವ್ಯವಸ್ಥೆಯನ್ನು ಅಳವಡಿಸಿತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿದ್ಯುತ್ ಕೊರತೆಯಿದ್ದೂ ಸೌರವ್ಯವಸ್ಥೆಯಿಲ್ಲದ ಕೇಂದ್ರಗಳೊಡನೆ ಇವುಗಳನ್ನು ಹೋಲಿಸಿತು. ಸೌರ ಕೇಂದ್ರಗಳಲ್ಲಿ ದಾಖಲಾದ ರೋಗಿಗಳು ಶೇ. 50ಕ್ಕೂ ಹೆಚ್ಚು, ತಿಂಗಳಿನ ಹೆರಿಗೆಗಳು ಸುಮಾರು ಎರಡು ಪಟ್ಟು. ರಾತ್ರಿ ದೀಪವಿರುವ ಕಡೆಗೆ ಜನರು ನಂಬಿ ಬರುತ್ತಾರೆ ಎಂಬುದನ್ನು ಈ ಅಂಕಿಗಳು ಸಾರುತ್ತವೆ.

ನಡೆಯುವ ಆಸ್ಪತ್ರೆಯ ಮೇಲೆ ಫಲಕ ಕೂರಿಸುವುದು ಖಾಲಿ ಬಯಲಿನಲ್ಲಿ ಕೂರಿಸಿದಂತಲ್ಲ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ನೀರಿನ ಟ್ಯಾಂಕಿಯ ನೆರಳೂ ಬೀಳಬಾರದು. ಹಳೆಯ ತಾರಸಿ ಭಾರವನ್ನೂ ಮಳೆಗಾಲದ ಗಾಳಿಯ ಎಳೆತವನ್ನೂ ತಾಳುವುದೇ ಎಂದು ಇಂಜಿನಿಯರರು ಮೊದಲೇ ನೋಡಬೇಕು. ತಾರಸಿಗೆ ಅಜಾಗರೂಕತೆಯಿಂದ ತೂತು ಕೊರೆದರೆ ಮುಂದಿನ ಮಳೆಗೆ ವಾರ್ಡು ಸೋರುತ್ತದೆ. ಸಾಧ್ಯವಿದ್ದಲ್ಲಿ ಕಾಂಕ್ರೀಟ್ ದಿಮ್ಮಿಗಳ ಭಾರದಿಂದಲೇ ಚೌಕಟ್ಟನ್ನು ನಿಲ್ಲಿಸುವುದುಂಟು. ತಂತಿ ಬದಲಿಸುವಾಗ ವಿದ್ಯುತ್ತನ್ನು ನಿಲ್ಲಿಸಲೇಬೇಕಾದುದರಿಂದ, ಶಸ್ತ್ರಚಿಕಿತ್ಸೆಯಿಲ್ಲದ ಹೊತ್ತನ್ನು ನೋಡಿ, ಜನರೇಟರನ್ನು ಸಿದ್ಧವಾಗಿಟ್ಟುಕೊಂಡು, ಒಂದೊಂದೇ ವಿಭಾಗವನ್ನು ಬದಲಾಯಿಸಬೇಕಾಗುತ್ತದೆ. ಇಲ್ಲಿ ದಾದಿಯರ ಮಾತಿಗೆ ಇಂಜಿನಿಯರರ ಮಾತಿನಷ್ಟೇ ಬೆಲೆಯಿದೆ. ಯಾವ ಯಂತ್ರ ಕ್ಷಣವೂ ನಿಲ್ಲಬಾರದೆಂದು ಬಲ್ಲವರು ಅವರೇ.

2010ರ ರಾಷ್ಟ್ರೀಯ ಸೌರ ಮಿಷನ್ ಬಂದ ಮೇಲೆ ಫಲಕಗಳ ಬೆಲೆ ಇಳಿದು, ತಾರಸಿಯ ವಿದ್ಯುತ್ತನ್ನು ನೇರವಾಗಿ ವಿದ್ಯುತ್ ಮಾರ್ಗಕ್ಕೆ ಸೇರಿಸುವ ಪದ್ಧತಿ ಹಬ್ಬಿತು. ಹೊರರೋಗಿಗಳ ಗದ್ದಲವೂ ಬಿಸಿಲೂ ಹಗಲಿನಲ್ಲಿಯೇ ಇರುವುದರಿಂದ ಆಸ್ಪತ್ರೆಯ ಬಿಲ್ಲು ಇಳಿಯುವುದು ದಿಟ. ಆದರೆ ಇಲ್ಲೊಂದು ಸಂಗತಿ ಬಹುಜನರಿಗೆ ತಿಳಿಯದು. ಈ ಬಗೆಯ ವ್ಯವಸ್ಥೆ ಬ್ಯಾಟರಿಯಿಲ್ಲದೆ ಒಂಟಿಯಾಗಿದ್ದರೆ, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ತಂತಿ ಸರಿಪಡಿಸುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಹಾಗೆ ಮಾಡಲಾಗಿದೆ. ಬ್ಯಾಟರಿಯನ್ನು ಸೇರಿಸಿ, ಹೆರಿಗೆ ಕೋಣೆ, ಲಸಿಕೆಯ ಫ್ರಿಜ್, ಆಮ್ಲಜನಕ ಯಂತ್ರ ಮುಂತಾದವುಗಳಿಗೆ ಪ್ರತ್ಯೇಕ ತಂತಿ ಎಳೆದರೆ ಮಾತ್ರ ಕತ್ತಲೆಯಲ್ಲಿ ಅದು ಕೈಹಿಡಿಯುತ್ತದೆ. ಫಲಕ ಇಪ್ಪತ್ತೈದು ವರ್ಷ ಬಾಳಬಹುದು. ಬ್ಯಾಟರಿಯನ್ನು ಅದರೊಳಗೆ ಹಲವು ಬಾರಿ ಬದಲಿಸಬೇಕಾದೀತು. ಅದಕ್ಕೆ ಹಣ ತೆಗೆದಿರಿಸದ ಕಡೆ, ಉದ್ಘಾಟನೆಯ ಕಲ್ಲು ಉಳಿದು ದೀಪ ಆರುತ್ತದೆ.

ಗಡಿಭಾಗದ ಸಂಘಗಳಾದ ನಾವು ಶಾಲೆಗೆ ಪುಸ್ತಕ, ಗ್ರಂಥಾಲಯಕ್ಕೆ ಕಪಾಟು ಕೊಡುತ್ತ ಬಂದವರು. ಊರಿನ ಆರೋಗ್ಯ ಕೇಂದ್ರಕ್ಕೆ ಸೌರಫಲಕ ಬರುವಾಗಲೂ ನಾವು ಸುಮ್ಮನೆ ಚಪ್ಪಾಳೆ ತಟ್ಟಿ ಹಿಂದಿರುಗಬೇಕಿಲ್ಲ. ಎಷ್ಟು ಕಿಲೋವಾಟ್ ಎಂದು ಕೇಳುವ ಮೊದಲು, ನಡುರಾತ್ರಿ ಕರೆಂಟು ಹೋದರೆ ಹೆರಿಗೆ ಕೋಣೆಯಲ್ಲಿ ದೀಪ ಉರಿಯುವುದೇ, ಐದು ವರ್ಷಗಳ ಬಳಿಕ ಬ್ಯಾಟರಿ ಬದಲಿಸುವವರು ಯಾರು ಎಂದು ಕೇಳೋಣ. ಉತ್ತರ ಸಿಗುವವರೆಗೂ ಕೇಳೋಣ.