ಹಬ್‌ನ ಒಳಗೂ ಗೇರ್, ಹೊರಗೂ ಗೇರ್

ಹಳೇ ಸೈಕಲ್‌ಗೆ ಮರುಜೀವ ಕೊಡುವವರು ಮೂರು ಗೇರಿನ ಹಬ್‌ನ ಮೇಲೆ ಎರಡು ಹಲ್ಲುಚಕ್ರ ಕೂರಿಸಿ ಡಿರೇಲರ್ ತಗುಲಿಸಿದರೆ, ನೋಡಿದವರಿಗೆ ಅದು ಗುಜರಿ ಸಾಮಾನಿನ ಕಸರತ್ತು. ಚರಿತ್ರೆಯಲ್ಲಿ ಮಾತ್ರ ಅದು ಪಕ್ಕಾ ಲೆಕ್ಕಾಚಾರ. 20ನೇ ಶತಮಾನದ ಆರಂಭದಲ್ಲಿ ಸೈಕಲ್ ಗೇರ್ ಎರಡು ದಾರಿ ಹಿಡಿಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟರ್ಮಿ-ಆರ್ಚರ್ ಕಂಪನಿ ಮೂರು ಗೇರುಗಳನ್ನು ಹಿಂದಿನ ಹಬ್‌ನೊಳಗೇ ಅಡಗಿಸಿತು. ಮಳೆ, ಕೆಸರಿನ ಕಾಟವಿಲ್ಲ. ಫ್ರಾನ್ಸಿನ ಸೇಂತ್-ಎತಿಯೆನ್‌ನಲ್ಲಿ ‘ವೆಲೋಸಿಯೋ’ ಎಂದು ಹೆಸರಾಗಿದ್ದ ಪಾಲ್ ದ ವಿವಿ, ಗುಡ್ಡ ಹತ್ತಲು ಹಲವು ಗೇರು ಬೇಕೇ ಬೇಕೆಂದು ವಾದಿಸುತ್ತ ಚೈನನ್ನೇ ಪಕ್ಕಕ್ಕೆ ಸರಿಸುವ ಡಿರೇಲರ್‌ಗೆ ಬೆಂಬಲವಾಗಿ ನಿಂತ. ಟೂರ್ ದ ಫ್ರಾನ್ಸ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1937ರಲ್ಲಿ. ಬರ್ಮಿಂಗ್‌ಹ್ಯಾಮಿನ ಸೈಕ್ಲೋ ಕಂಪನಿ ಸ್ಟರ್ಮಿ ಹಬ್‌ಗೇ ಕೂರುವ ಜೋಡಿ ಹಲ್ಲುಚಕ್ರ ಮಾರಿ ಎರಡೂ ದಾರಿಗಳನ್ನು ಕೂಡಿಸಿತು.

ಕೂಡಿಸುವ ಅಗತ್ಯ ಹುಟ್ಟಿದ್ದು ಹಬ್‌ನ ಕೊರತೆಯಿಂದಲೇ. 1936ರಲ್ಲಿ ಬಂದ ಸ್ಟರ್ಮಿಯ ಎಡಬ್ಲ್ಯು ಹಬ್‌ನಲ್ಲಿ ನಡುವಿನ ಗೇರು ನೇರ; ಮೇಲಿನದು ಅದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು, ಕೆಳಗಿನದು ಕಾಲು ಭಾಗ ಕಡಿಮೆ. ಎದುರುಗಾಳಿಯಲ್ಲಿ ಒಂದು ಗೇರು ಭಾರ, ಇನ್ನೊಂದು ತೀರಾ ಹಗುರ. ಅದೇ ಹಬ್‌ಗೆ 18 ಮತ್ತು 21 ಹಲ್ಲುಗಳ ಚಕ್ರ ಹಾಕಿದರೆ ಪ್ರತಿ ದೊಡ್ಡ ಮೆಟ್ಟಿಲಿನ ನಡುವೆ ಒಂದು ಮೆಟ್ಟಿಲು ಬಂದು, ಸುಮಾರು ಶೇ. 14ರಿಂದ 17ರ ಅಂತರದ ಆರು ಗೇರು ಸಿಗುತ್ತವೆ.

ಒಂದೊಂದೇ ಗೇರು ಏರುವಾಗ ಒಂದು ಬಿಟ್ಟು ಒಂದು ಸಲ ಎರಡೂ ಲಿವರ್ ಒಟ್ಟಿಗೆ ಆಡಿಸಬೇಕಲ್ಲ ಎಂಬ ಆಕ್ಷೇಪ ಸರಿಯೇ. ಹಬ್ ಭಾರ, ಒಳಗಿನ ಹಲ್ಲುಗಳ ತಿಕ್ಕಾಟದಲ್ಲಿ ಒಂದಿಷ್ಟು ಶಕ್ತಿ ಪೋಲಾಗುತ್ತದೆ ಎಂಬುದೂ ಸರಿ. ನಡುವಿನ ನೇರ ಗೇರಿನಲ್ಲಿ ಮಾತ್ರ ಆ ತಿಕ್ಕಾಟವಿಲ್ಲ. ಹಿಂದಿನ ಚಕ್ರದಲ್ಲೇ ಹತ್ತು ಹನ್ನೊಂದು ಹಲ್ಲುಚಕ್ರ ಬಂದಿರುವಾಗ ಈ ಉಸಾಬರಿ ಯಾಕೆ ಎನ್ನುವವರಿಗೆ ಮಡಚುವ ಬ್ರಾಂಪ್ಟನ್ ಸೈಕಲ್ ಉತ್ತರ ಕೊಡುತ್ತದೆ. ಮಡಚುವಾಗ ಸಡಿಲವಾಗುವ ಚೈನನ್ನು ಎಳೆದು ಹಿಡಿಯುವ ತೋಳು ಅದಕ್ಕೆ ಹೇಗೂ ಬೇಕು. ಹಾಗಾಗಿ 13 ಮತ್ತು 16 ಹಲ್ಲಿನ ಎರಡೇ ಚಕ್ರ, ಸ್ಟರ್ಮಿಯ ಅಗಲ ಅಂತರದ ಹಬ್ ಸೇರಿ, ಕೆಳಗಿನ ಗೇರಿಗಿಂತ ಮೂರು ಪಟ್ಟು ಎತ್ತರದ ಮೇಲಿನ ಗೇರು ದೊರೆಯಿತು. ಸಿಗ್ನಲ್‌ನಲ್ಲಿ ನಿಂತೇ ಹಬ್‌ನ ಗೇರು ಬದಲಿಸಬಹುದು. ಡಿರೇಲರ್‌ಗೆ ಪೆಡಲ್ ತುಳಿಯಲೇಬೇಕು.

ಎಡಬ್ಲ್ಯು ಹಬ್‌ಗೆ ಕೈಹಾಕುವವರು ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಭಾಗಾಕಾರ ಮಾಡಿ ನೋಡಿ: 15 ಮತ್ತು 20 ಹಲ್ಲು ಹಾಕಿದರೆ ಎರಡು ಗೇರು ಪುನರಾವರ್ತನೆಯಾಗಿ, ಆರರಲ್ಲಿ ಉಳಿಯುವುದು ನಾಲ್ಕೇ.